ಓದುಗರ ಪ್ರಶ್ನೆ, ನಮ್ಮ ಉತ್ತರ: ಎರಡು ಬಾರಿ ಏರಿದ ಜಾರ್ಜ್ ಫೋರ್‌ಮನ್

ಹೆವಿವೇಟ್ ಬಾಕ್ಸಿಂಗ್‌ನ ಮಾಜಿ ವಿಶ್ವ ಚಾಂಪಿಯನ್ ಜಾರ್ಜ್ ಫೋರ್‌ಮನ್ 2025ರ ಮಾರ್ಚ್ 21ರಂದು ಅಮೆರಿಕದ ಹ್ಯೂಸ್ಟನ್ ನಗರದಲ್ಲಿ, ತಮ್ಮ 76ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಬದುಕು ಮತ್ತು ಆಟದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಫೋರ್‌ಮನ್ ಕಡುಬಡತನದಲ್ಲಿ ಬೆಳೆದವರೆಂದು ಕೇಳಿದ್ದೇನೆ. ಅವರು ಬಾಕ್ಸಿಂಗ್‌ಗೆ ಬಂದದ್ದು ಹೇಗೆ?
– ಓದುಗರು, ತುಮಕೂರು

ಉತ್ತರ: ಅವರು ಹುಟ್ಟಿದ್ದು 1949ರ ಜನವರಿ 10ರಂದು, ಟೆಕ್ಸಸ್ ರಾಜ್ಯದ ಮಾರ್ಷಲ್ ಎಂಬ ಊರಿನಲ್ಲಿ, ಬೆಳೆದದ್ದು ಹ್ಯೂಸ್ಟನ್ನಿನ ಫಿಫ್ತ್ ವಾರ್ಡ್ ಎಂಬ ಬಡವರ ಬಡಾವಣೆಯಲ್ಲಿ. ತಾಯಿ ನ್ಯಾನ್ಸಿ ದುಡಿದು ಏಳು ಮಕ್ಕಳನ್ನು ಸಾಕಬೇಕಾಗಿತ್ತು. ಶಾಲೆಗೆ ಬುತ್ತಿ ಒಯ್ಯಲು ಮನೆಯಲ್ಲಿ ಏನೂ ಇಲ್ಲದ ದಿನ, ಎಣ್ಣೆಜಿಡ್ಡು ಹತ್ತಿದ ಹಳೆಯ ಕಾಗದದ ಚೀಲಕ್ಕೆ ಗಾಳಿ ಊದಿ, ಅದರೊಳಗೆ ಊಟವಿದೆಯೆಂದು ಜೊತೆಯ ಹುಡುಗರಿಗೆ ತೋರಿಸಿಕೊಳ್ಳುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಓದು ಅರ್ಧಕ್ಕೇ ನಿಂತಿತು, ಬೀದಿಯಲ್ಲಿ ದಾರಿಹೋಕರನ್ನು ದೋಚುವ ಚಾಳಿ ಹತ್ತಿತು. ಒಮ್ಮೆ ಪೊಲೀಸರಿಂದ ತಪ್ಪಿಸಿಕೊಂಡು ಒಂದು ಮನೆಯ ಅಡಿಯಲ್ಲಿ ನುಸುಳಿ, ನಾಯಿಗಳಿಗೆ ವಾಸನೆ ಸಿಗದಿರಲೆಂದು ಮೈಗೆಲ್ಲ ಕೆಸರು ಬಳಿದುಕೊಂಡು ಮಲಗಿದ್ದಾಗ, ತಾನು ಕಳ್ಳನಾಗಿಬಿಟ್ಟೆನೆಂಬ ಅರಿವು ಮೊದಲ ಬಾರಿಗೆ ಮೂಡಿತೆಂದೂ ಅವರು ಹೇಳಿದ್ದುಂಟು.

ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಸರ್ಕಾರ ಬಡ ಯುವಕರಿಗೆ ಕಸುಬು ಕಲಿಸಲೆಂದು ಆಗಷ್ಟೇ ‘ಜಾಬ್ ಕೋರ್’ ಎಂಬ ಯೋಜನೆಯನ್ನು ಆರಂಭಿಸಿತ್ತು. ಅದರ ಜಾಹೀರಾತನ್ನು ಟಿವಿಯಲ್ಲಿ ನೋಡಿ ಫೋರ್‌ಮನ್ 1965ರಲ್ಲಿ ಸೇರಿಕೊಂಡರು. ಕ್ಯಾಲಿಫೋರ್ನಿಯಾದ ಶಿಬಿರದಲ್ಲಿ, ಸದಾ ಜಗಳಕ್ಕೆ ನಿಲ್ಲುತ್ತಿದ್ದ ಈ ಹುಡುಗನ ಕೈಗೆ ಗ್ಲೌಸ್ ತೊಡಿಸಿದವರು ಡಾಕ್ ಬ್ರಾಡಸ್ ಎಂಬ ತರಬೇತುದಾರರು. ಮೊದಲ ಅಧಿಕೃತ ಪಂದ್ಯವಾಡಿ ಎರಡು ವರ್ಷ ತುಂಬುವುದರೊಳಗೆ, 1968ರ ಮೆಕ್ಸಿಕೋ ಒಲಿಂಪಿಕ್ಸ್‌ನ ಹೆವಿವೇಟ್ ಚಿನ್ನ ಅವರದಾಗಿತ್ತು. ಸರ್ಕಾರಿ ಯೋಜನೆಯೊಂದು ಒಬ್ಬ ಹುಡುಗನ ಬದುಕನ್ನು ಇಷ್ಟು ನೇರವಾಗಿ ತಿರುಗಿಸಿದ ಉದಾಹರಣೆ ಕ್ರೀಡೆಯ ಚರಿತ್ರೆಯಲ್ಲಿ ಅಪರೂಪವೆಂದೇ ನಮ್ಮ ಭಾವನೆ.

ಪ್ರಶ್ನೆ: 1974ರಲ್ಲಿ ಮುಹಮ್ಮದ್ ಅಲಿ ಎದುರು ಫೋರ್‌ಮನ್ ಸೋತದ್ದಕ್ಕೆ ಕುಡಿಯುವ ನೀರಿನಲ್ಲಿ ಏನೋ ಬೆರೆಸಿದ್ದೇ ಕಾರಣವೆಂಬ ಮಾತು ನಿಜವೇ?
– ಓದುಗರು, ಧಾರವಾಡ

ಉತ್ತರ: ಪಂದ್ಯಕ್ಕೆ ಮುನ್ನ ತಾವು ಕುಡಿದ ನೀರಿಗೆ ಔಷಧಿಯ ರುಚಿ ಇತ್ತೆಂದು ಹೇಳಿದವರು ಸ್ವತಃ ಫೋರ್‌ಮನ್ನರೇ, ಆದರೆ ಅದಕ್ಕೆ ಪುರಾವೆ ಎಂದೂ ಸಿಕ್ಕಿಲ್ಲ. ಪಂದ್ಯವನ್ನು ಗಮನವಿಟ್ಟು ನೋಡಿದವರಿಗೆ ಸೋಲಿನ ಕಾರಣವನ್ನು ರಿಂಗ್‌ನ ಹೊರಗೆ ಹುಡುಕುವ ಅಗತ್ಯವೂ ಬೀಳುವುದಿಲ್ಲ.

1973ರ ಜನವರಿ 22ರಂದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಜೋ ಫ್ರೇಜಿಯರ್ ಅವರನ್ನು ಎರಡೇ ರೌಂಡ್‌ಗಳಲ್ಲಿ ಆರು ಬಾರಿ ನೆಲಕ್ಕೆ ಕೆಡವಿ ಫೋರ್‌ಮನ್ ವಿಶ್ವ ಚಾಂಪಿಯನ್ ಆಗಿದ್ದರು. ಆ ಬಳಿಕ ಟೋಕಿಯೋದಲ್ಲಿ ಹೋಸೆ ರೋಮನ್ ಮೊದಲ ರೌಂಡ್‌ನಲ್ಲಿ, ಕ್ಯಾರಕಾಸ್‌ನಲ್ಲಿ ಕೆನ್ ನಾರ್ಟನ್ ಎರಡನೆಯದರಲ್ಲಿ ಮುಗಿದುಹೋದರು. ಈ ಮೂರು ವಿಶ್ವಪಟ್ಟದ ಪಂದ್ಯಗಳು ಒಟ್ಟು ಸೇರಿ ಐದು ರೌಂಡ್ ತುಂಬಲಿಲ್ಲ. ಹೀಗೆ ಆರಂಭದಲ್ಲೇ ಎದುರಾಳಿಯನ್ನು ಉರುಳಿಸಿ ರೂಢಿಯಾದವರು 1974ರ ಅಕ್ಟೋಬರ್ 30ರಂದು ಜಾಯಿರ್ (ಈಗಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ) ದೇಶದ ಕಿನ್ಶಾಸಾದಲ್ಲಿ, ಅಮೆರಿಕದ ಪ್ರೇಕ್ಷಕರ ಅನುಕೂಲಕ್ಕಾಗಿ ಸ್ಥಳೀಯ ಕಾಲಮಾನದಂತೆ ಬೆಳಗಿನ ಜಾವ ಏರ್ಪಡಿಸಿದ್ದ ಪಂದ್ಯದಲ್ಲಿ, ಆ ಸೆಕೆಯಲ್ಲಿ ಅಲಿಯವರ ಎದುರು ನಿಂತರು. 32 ವರ್ಷದ ಅಲಿ ಓಡಾಡುವುದನ್ನು ಬಿಟ್ಟು ಹಗ್ಗಕ್ಕೆ ಒರಗಿ, ತೋಳುಗಳಿಂದ ಮುಖ ಮುಚ್ಚಿಕೊಂಡು, 25ರ ಹರೆಯದ ಚಾಂಪಿಯನ್ ತನ್ನ ಬಲವನ್ನೆಲ್ಲ ಸುರಿದುಕೊಳ್ಳಲೆಂದು ಬಿಟ್ಟುಕೊಟ್ಟರು. ಐದನೆಯ ರೌಂಡ್ ದಾಟುವ ಹೊತ್ತಿಗೆ ಫೋರ್‌ಮನ್ನರ ಹೊಡೆತಗಳಲ್ಲಿ ತೂಕ ಉಳಿದಿರಲಿಲ್ಲ. ಎಂಟನೆಯ ರೌಂಡ್ ಮುಗಿಯಲು ಕೆಲವೇ ಸೆಕೆಂಡುಗಳಿರುವಾಗ ಅವರು ಕೆಳಗುರುಳಿದರು. ಅಲ್ಲಿಯವರೆಗೆ ಆಡಿದ 40 ವೃತ್ತಿಪರ ಪಂದ್ಯಗಳಲ್ಲಿ ಒಂದನ್ನೂ ಸೋಲದವರಿಗೆ ಇದು ಮೊದಲ ಸೋಲು.

ಮುಂದೆ ಇಬ್ಬರೂ ಆಪ್ತ ಸ್ನೇಹಿತರಾದರು. ಈ ಪಂದ್ಯವನ್ನು ಕುರಿತ ಸಾಕ್ಷ್ಯಚಿತ್ರಕ್ಕೆ 1997ರಲ್ಲಿ ಆಸ್ಕರ್ ಪ್ರಶಸ್ತಿ ಬಂದಾಗ, ಪಾರ್ಕಿನ್ಸನ್ ಕಾಯಿಲೆಯಿಂದ ಬಳಲುತ್ತಿದ್ದ ಅಲಿಯವರಿಗೆ ವೇದಿಕೆಯ ಮೆಟ್ಟಿಲು ಹತ್ತಲು ಆಸರೆಯಾದವರು ಫೋರ್‌ಮನ್.

ಪ್ರಶ್ನೆ: ಅಷ್ಟು ಚಿಕ್ಕ ವಯಸ್ಸಿನಲ್ಲಿ ಅವರು ಬಾಕ್ಸಿಂಗ್ ಬಿಟ್ಟದ್ದೇಕೆ?
– ಓದುಗರು, ಮಂಗಳೂರು

ಉತ್ತರ: 1977ರ ಮಾರ್ಚ್‌ನಲ್ಲಿ ಪೋರ್ಟೊ ರಿಕೊದ ಸ್ಯಾನ್ ಹುವಾನ್‌ನಲ್ಲಿ ಜಿಮ್ಮಿ ಯಂಗ್ ಎದುರು 12 ರೌಂಡ್ ಆಡಿ ಸೋತ ಮೇಲೆ, ಬಟ್ಟೆ ಬದಲಿಸುವ ಕೋಣೆಯಲ್ಲಿ ಅವರು ವಿಪರೀತ ಬಳಲಿ ಕುಸಿದರು. ತಾನು ಸತ್ತೆನೆಂದೇ ಅನ್ನಿಸಿತೆಂದೂ, ದೇವರ ಕರೆ ಕೇಳಿಸಿತೆಂದೂ ಅವರು ಕೊನೆಯವರೆಗೂ ಹೇಳುತ್ತಿದ್ದರು. ಅದನ್ನು ಒಪ್ಪುವುದು ಬಿಡುವುದು ಅವರವರ ನಂಬಿಕೆಗೆ ಸೇರಿದ್ದು. ಅವರ ಮಟ್ಟಿಗಂತೂ ಅದು ನಿಜವಾಗಿತ್ತು ಎಂಬುದಕ್ಕೆ ಮುಂದಿನ ಹತ್ತು ವರ್ಷಗಳೇ ಸಾಕ್ಷಿ. ಅವರು ಪಾದ್ರಿಯಾದರು, ಹ್ಯೂಸ್ಟನ್‌ನಲ್ಲಿ ಒಂದು ಚಿಕ್ಕ ಚರ್ಚ್ ನಡೆಸಿದರು, ತಮ್ಮಂತೆಯೇ ದಾರಿ ತಪ್ಪಬಹುದಾಗಿದ್ದ ಹುಡುಗರಿಗಾಗಿ 1984ರಲ್ಲಿ ಯುವಕೇಂದ್ರವೊಂದನ್ನು ತೆರೆದರು. ಆ ಕೇಂದ್ರವನ್ನು ನಡೆಸಲು ಹಣ ಸಾಲದಾದಾಗಲೇ ಮತ್ತೆ ಗ್ಲೌಸ್ ತೊಡುವ ಆಲೋಚನೆ ಬಂದದ್ದು.

ಪ್ರಶ್ನೆ: 45ನೆಯ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆಗುವುದು ಹೇಗೆ ಸಾಧ್ಯ? ಅದೃಷ್ಟದ ಒಂದು ಹೊಡೆತವೆಂದು ನಮ್ಮ ಜಿಮ್‌ನಲ್ಲಿ ಹಲವರು ಹೇಳುತ್ತಾರೆ.
– ಓದುಗರು, ಬೆಂಗಳೂರು

ಉತ್ತರ: ನಿಮ್ಮ ಜಿಮ್‌ನವರ ಮಾತನ್ನು ನಾವು ಒಪ್ಪುವುದಿಲ್ಲ. 1987ರ ಮಾರ್ಚ್‌ನಲ್ಲಿ ಸ್ಯಾಕ್ರಮೆಂಟೊದಲ್ಲಿ ಮರಳಿ ಬಂದಾಗ ಅವರ ತೂಕ 267 ಪೌಂಡ್, ಅಂದರೆ ಸುಮಾರು 121 ಕಿಲೋ ಇತ್ತು, ಜನ ನಕ್ಕರು. ಆದರೆ ಹಿಂದಿನ ಫೋರ್‌ಮನ್‌ಗೂ ಈ ಫೋರ್‌ಮನ್‌ಗೂ ಇದ್ದ ವ್ಯತ್ಯಾಸ ಬರೀ ಹೊಟ್ಟೆಯದಲ್ಲ. ಮೊದಲಿನವರು ಪ್ರತಿ ಹೊಡೆತವನ್ನೂ ಕೊನೆಯ ಹೊಡೆತವೆಂಬಂತೆ ಬೀಸುತ್ತಿದ್ದರು. ಎರಡನೆಯವರು ಎಡಗೈಯನ್ನು ನೇರವಾಗಿ ಚಾಚಿ ಹೊಡೆಯುವ ಭಾರವಾದ ಜ್ಯಾಬ್‌ನಿಂದ ಎದುರಾಳಿಯನ್ನು ಒಂದೇ ಅಳತೆಯ ದೂರದಲ್ಲಿ ನಿಲ್ಲಿಸಿಕೊಂಡು, ಎರಡೂ ತೋಳುಗಳನ್ನು ಮುಖದ ಮುಂದೆ ಅಡ್ಡಡ್ಡ ಹಿಡಿದು ಏಟುಗಳನ್ನು ತಡೆದು, ಉಸಿರನ್ನು ಲೆಕ್ಕಹಾಕಿ ಖರ್ಚು ಮಾಡುತ್ತಿದ್ದರು. ತೋಳು ಅಡ್ಡ ಹಿಡಿಯುವ ಆ ವರಸೆ ಹಿರಿಯ ಬಾಕ್ಸರ್ ಆರ್ಚಿ ಮೂರ್ ಅವರದು. ರೌಂಡ್‌ಗಳ ನಡುವಿನ ಒಂದು ನಿಮಿಷದ ವಿರಾಮದಲ್ಲಿ ಫೋರ್‌ಮನ್ ಸ್ಟೂಲಿನ ಮೇಲೆ ಕೂರುತ್ತಿರಲಿಲ್ಲ, ನಿಂತೇ ಇರುತ್ತಿದ್ದರು. ಮುದುಕ ಸುಸ್ತಾಗಿದ್ದಾನೆಂದು ಎಣಿಸಿದ್ದ ಎದುರಾಳಿಗೆ ಆ ನೋಟವೇ ಅಧೈರ್ಯ ತರುವಂಥದ್ದು. 1991ರಲ್ಲಿ ಇವಾಂಡರ್ ಹೋಲಿಫೀಲ್ಡ್ ಎದುರು ಅವರು ಸೋತರೂ, 42ನೆಯ ವಯಸ್ಸಿನಲ್ಲಿ ಹನ್ನೆರಡು ರೌಂಡ್‌ಗಳನ್ನೂ ಪೂರ್ತಿ ಆಡಿದರು. ಕಿನ್ಶಾಸಾದಲ್ಲಿ ಎಂಟು ರೌಂಡ್ ಉಳಿಯಲಾರದೆ ಹೋದ 25ರ ತರುಣನಿಗೆ ಇದು ಸಾಧ್ಯವಿರಲಿಲ್ಲ.

1994ರ ನವೆಂಬರ್ 5ರಂದು ಲಾಸ್ ವೇಗಾಸ್‌ನಲ್ಲಿ ನಡೆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಎದುರಾಳಿ ಮೈಕಲ್ ಮೂರರ್ 26 ವರ್ಷದ ಎಡಚ, ಅದುವರೆಗೆ ಸೋಲು ಕಂಡಿರದ ಚಾಂಪಿಯನ್. ಒಂಬತ್ತು ರೌಂಡ್ ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಫೋರ್‌ಮನ್ ಹಿಂದಿದ್ದರು. ಅವರ ಮುಖ ಊದಿಕೊಂಡಿತ್ತು. ಆದರೂ ಅವರು ಅವಸರಪಡಲಿಲ್ಲ. ಜ್ಯಾಬ್ ಹೊಡೆಯುತ್ತ, ಮೂರರ್ ತಮ್ಮ ಬಲಗೈಗೆ ನೇರವಾಗಿ ನಿಲ್ಲುವಂತೆ ಸ್ವಲ್ಪಸ್ವಲ್ಪವಾಗಿ ಮಾಡಿಕೊಂಡರು. ಹತ್ತನೆಯ ರೌಂಡ್‌ನಲ್ಲಿ ಹೊರಟ ಆ ಬಲಗೈ ಹೊಡೆತ ದೂರದಿಂದ ಬೀಸಿದ್ದಲ್ಲ. ಗದ್ದಕ್ಕೆ ನೇರವಾಗಿ ಹೋದ, ಅಳತೆಯಲ್ಲಿ ಗಿಡ್ಡನೆಯ ಹೊಡೆತ. ರೆಫರಿ ಜೋ ಕೋರ್ಟೆಜ್ ಹತ್ತು ಎಣಿಸುವವರೆಗೂ ಮೂರರ್ ಏಳಲಿಲ್ಲ. ಫೋರ್‌ಮನ್ ತಮ್ಮ ಮೂಲೆಗೆ ಹೋಗಿ ಮೊಣಕಾಲೂರಿ ಪ್ರಾರ್ಥಿಸಿದರು. ಅವರು ಅಂದು ತೊಟ್ಟಿದ್ದು ಇಪ್ಪತ್ತು ವರ್ಷ ಹಿಂದೆ ಕಿನ್ಶಾಸಾದಲ್ಲಿ ಸೋತಾಗ ತೊಟ್ಟಿದ್ದ ಅದೇ ಕೆಂಪು ಚಡ್ಡಿ. ಅವರ ಕಾರ್ನರ್‌ನಲ್ಲಿದ್ದವರು ಕಿನ್ಶಾಸಾದಲ್ಲಿ ಅಲಿಯವರ ಕಾರ್ನರ್‌ನಲ್ಲಿದ್ದ ತರಬೇತುದಾರ ಏಂಜೆಲೊ ಡಂಡಿ. ಹೆವಿವೇಟ್ ವಿಭಾಗದಲ್ಲಿ ಇಷ್ಟು ವಯಸ್ಸಿನಲ್ಲಿ ವಿಶ್ವಪಟ್ಟ ಗೆದ್ದವರು ಬೇರೊಬ್ಬರಿಲ್ಲ. ಕಾಯುವುದನ್ನು ಕಲಿತವರ ಗೆಲುವನ್ನು ಅದೃಷ್ಟವೆಂದು ಕರೆಯುವುದು ಅನ್ಯಾಯ.

ಪ್ರಶ್ನೆ: ನನಗೆ 41 ವರ್ಷ. ಕಾಲೇಜು ದಿನಗಳಲ್ಲಿ ಬಾಕ್ಸಿಂಗ್ ಆಡುತ್ತಿದ್ದೆ. ಫೋರ್‌ಮನ್ ಅವರನ್ನು ನೋಡಿ ಮತ್ತೆ ರಿಂಗ್‌ಗೆ ಇಳಿಯುವ ಆಸೆಯಾಗಿದೆ. ಸರಿಯೇ?
– ಓದುಗರು, ಬಳ್ಳಾರಿ

ಉತ್ತರ: ಹಗ್ಗ ಜಿಗಿಯಿರಿ, ಪಂಚಿಂಗ್ ಬ್ಯಾಗ್‌ಗೆ ಹೊಡೆಯಿರಿ, ಓಡಿರಿ, ವೈದ್ಯರನ್ನು ಕೇಳಿ ಇವೆಲ್ಲವನ್ನೂ ಮಾಡಬಹುದು. ಆದರೆ ತಲೆಗೆ ಏಟು ಬೀಳುವ ಪಂದ್ಯಕ್ಕೆ ಇಳಿಯಬೇಡಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ. ತಲೆಗೆ ಮತ್ತೆಮತ್ತೆ ಬೀಳುವ ಏಟು ಮಿದುಳಿಗೆ ಮಾಡುವ ಹಾನಿ ವರ್ಷಗಳ ಅನಂತರ ಮರೆವು, ತೊದಲು, ನಡುಕವಾಗಿ ಹೊರಬೀಳುತ್ತದೆ. ಫೋರ್‌ಮನ್ನರ ಕಾಲದವರೇ ಆದ ಜೆರ್ರಿ ಕ್ವಾರಿ ಇದೇ ಕಾರಣದಿಂದ ತಮ್ಮ ಕೆಲಸ ತಾವೇ ಮಾಡಿಕೊಳ್ಳಲಾರದ ಸ್ಥಿತಿ ತಲುಪಿ 1999ರಲ್ಲಿ, 53ನೆಯ ವಯಸ್ಸಿನಲ್ಲಿ ತೀರಿಕೊಂಡರು. ತೆರಿಗೆ ಸಾಲಕ್ಕಾಗಿ ಮರಳಿ ಬಂದ ಜೋ ಲೂಯಿಸ್ 1951ರಲ್ಲಿ ರಾಕಿ ಮಾರ್ಸಿಯಾನೊ ಎದುರು, 38ರಲ್ಲಿ ಮರಳಿ ಬಂದ ಅಲಿ 1980ರಲ್ಲಿ ಲ್ಯಾರಿ ಹೋಮ್ಸ್ ಎದುರು ಪಟ್ಟ ಪಾಡು ನೋಡಲಾಗದಂಥದ್ದು. ಮರಳಿ ಬಂದು ಗೆದ್ದವರ ಹೆಸರು ನಮಗೆ ನೆನಪಿರುತ್ತದೆ. ಮರಳಿ ಬಂದು ಕೆಟ್ಟವರ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು.

ಪ್ರಶ್ನೆ: ಅವರು ಬಾಕ್ಸಿಂಗ್‌ಗಿಂತ ಅಡುಗೆಯ ಗ್ರಿಲ್‌ನಿಂದ ಹೆಚ್ಚು ಸಂಪಾದಿಸಿದರಂತೆ, ಹೌದೇ? ಕೊನೆಯ ಪಂದ್ಯ ಯಾವುದು?
– ಓದುಗರು, ಮೈಸೂರು

ಉತ್ತರ: ಹೌದು. ಮಾಂಸದ ಕೊಬ್ಬು ಕರಗಿ ಕೆಳಗೆ ಇಳಿದುಹೋಗುವಂತೆ ಓರೆಯಾಗಿ ರೂಪಿಸಿದ ವಿದ್ಯುತ್ ಗ್ರಿಲ್ ಒಂದಕ್ಕೆ ಅವರು 1990ರ ದಶಕದಲ್ಲಿ ತಮ್ಮ ಹೆಸರು ಕೊಟ್ಟರು. ಅದು ಹತ್ತು ಕೋಟಿಗೂ ಮೀರಿ ಮಾರಾಟವಾಯಿತು. ತಯಾರಕರಾದ ಸಾಲ್ಟನ್ ಕಂಪನಿ 1999ರಲ್ಲಿ ಆ ಹೆಸರಿನ ಹಕ್ಕನ್ನು ಪೂರ್ತಿಯಾಗಿ ಕೊಳ್ಳಲು 13 ಕೋಟಿ 75 ಲಕ್ಷ ಡಾಲರ್ ಮೌಲ್ಯದ ಒಪ್ಪಂದ ಮಾಡಿಕೊಂಡಿತು. ಕಿನ್ಶಾಸಾದ ಪಂದ್ಯಕ್ಕೆ ಅವರಿಗೆ ಗೊತ್ತುಮಾಡಿದ್ದ ಸಂಭಾವನೆ 50 ಲಕ್ಷ ಡಾಲರ್.

ಕೊನೆಯ ಪಂದ್ಯ 1997ರ ನವೆಂಬರ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ, ಶ್ಯಾನನ್ ಬ್ರಿಗ್ಸ್ ಎದುರು ನಡೆಯಿತು. ಆಗ ಫೋರ್‌ಮನ್ನರಿಗೆ 48 ವರ್ಷ. ತೀರ್ಪು ಬ್ರಿಗ್ಸ್ ಪರವಾಗಿ ಬಂತು. ಗೆದ್ದವರು ಫೋರ್‌ಮನ್ನರೇ ಎಂದು ಅಂದು ಹೇಳಿದವರು ಬಹಳ ಮಂದಿ, ನಮ್ಮ ಅಭಿಪ್ರಾಯವೂ ಅದೇ. ಒಟ್ಟು 81 ವೃತ್ತಿಪರ ಪಂದ್ಯಗಳಲ್ಲಿ ಅವರು ಗೆದ್ದದ್ದು 76, ಅವುಗಳಲ್ಲಿ 68 ನಾಕೌಟ್. 2003ರಲ್ಲಿ ಅವರ ಹೆಸರು ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್‌ಗೆ ಸೇರಿತು.