ಅಟ್ಟದ ಟ್ರಂಕು ಸುಡಬೇಕಾ, ಮಾವನ ಕೈಗೆ ಕೊಡಬೇಕಾ?

ಪ್ರಶ್ನೆ: ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು, ಹೋದ ವರ್ಷ ತೀರಿಕೊಂಡರು. ಅಟ್ಟದ ಟ್ರಂಕಿನಲ್ಲಿ ಅವರದೇ ಅಕ್ಷರದ ಕಾರ್ಬನ್ ಕಾಪಿಗಳು ಸಿಕ್ಕವು. ತುರ್ತು ಪರಿಸ್ಥಿತಿಯಲ್ಲಿ ತಮ್ಮ ಗೆಳೆಯನ ಬಗ್ಗೆ ಪೊಲೀಸರಿಗೆ ಬರೆದುಕೊಟ್ಟ ವರದಿಗಳು. ಆ ಗೆಳೆಯರನ್ನು ನಾನು ಮಾವ ಅಂತಲೇ ಕರೆಯೋದು. ಮೀಸಾದಲ್ಲಿ, ಅಂದರೆ ವಿಚಾರಣೆ ಇಲ್ಲದೆ ಒಳಗೆ ಹಾಕುತ್ತಿದ್ದ ಆಗಿನ ಆಂತರಿಕ ಭದ್ರತಾ ಕಾಯ್ದೆಯಲ್ಲಿ, ಹದಿನಾಲ್ಕು ತಿಂಗಳು ಜೈಲಲ್ಲಿದ್ದರು. ಈಗ 84 ವರ್ಷ, ಇವತ್ತಿಗೂ ಹಬ್ಬಕ್ಕೆ ಬರ್ತಾರೆ. ಹೆಂಡತಿ ಬಚ್ಚಲ ಒಲೆಗೆ ಹಾಕಿ ಅಂತಾಳೆ. ಪೊಲೀಸರ ಕಡತಕ್ಕೆ ಆರ್‌ಟಿಐ ಹಾಕಲಾ?
– ಹೆಸರು ಬೇಡ, ತೀರ್ಥಹಳ್ಳಿ ತಾಲ್ಲೂಕು

ಆರ್‌ಟಿಐ ಬಿಡಿ. ಪೊಲೀಸರಿಗೆ ಗುಟ್ಟಾಗಿ ಸುದ್ದಿ ಕೊಟ್ಟವರ ಗುರುತು ಹೇಳದಿರೋಕೆ ಆ ಕಾನೂನಲ್ಲೇ ಅವಕಾಶ ಇದೆ. ಅಲ್ಲದೆ ನಿಮಗೆ ಬೇಕಾಗಿದ್ದು ಆಗಲೇ ನಿಮ್ಮ ಕೈಲಿದೆ.

ನೀವು ಕಳಿಸಿದ ಒಂದು ಹಾಳೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ‘ಬುಧವಾರ ರಾತ್ರಿ ಬಂದ. ಊಟ ಮಾಡಿ, ಚೀಲ ಇಲ್ಲೇ ಬಿಟ್ಟು ಹೋದ.’ ಆ ಊಟ ಬಡಿಸಿದ್ದು ನಿಮ್ಮ ಅಮ್ಮನೇ ಅಲ್ವಾ? ನೌಕರಿ ಹೋಗುತ್ತೆ ಅಂತ ಯಾರಾದರೂ ಹೆದರಿಸಿದ್ದರೋ, ಅಪ್ಪ ತಾವಾಗಿಯೇ ಹೋದರೋ, ಆ ಹಾಳೆಗಳಲ್ಲಿ ಇಲ್ಲ. ಹಾಗಾಗಿ ಅವರ ಪರವಾಗಿ ಕಥೆ ಕಟ್ಟೋಕೆ ಹೋಗಬೇಡಿ, ಮಾವನ ಮುಂದಂತೂ ಬೇಡವೇ ಬೇಡ.

ಆದರೆ ಒಂದು ಮಾತು. ಪೊಲೀಸರಿಗೆ ಬೇಕಿದ್ದದ್ದು ಒಂದು ಪ್ರತಿ. ಕಾರ್ಬನ್ ಇಟ್ಟು ಎರಡನೆಯದು ಬರೆದು, ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗೋಡೆಯೇ ಬೂಸ್ಟು ಹಿಡಿಯುವಾಗ, ನುಸಿಗುಳಿಗೆ ಹಾಕಿ ಐವತ್ತು ವರ್ಷ ಕಾಪಾಡಿದ್ದಾರೆ. ಬಚ್ಚಲ ಒಲೆ ಅವರಿಗೂ ಗೊತ್ತಿತ್ತು, ದಿನಾ ಬೆಳಗ್ಗೆ ಹಂಡೆಗೆ ಬೆಂಕಿ ಹಾಕುತ್ತಿದ್ದವರೇ ಅವರು ಅಂತ ನೀವೇ ಬರೆದಿದ್ದೀರಿ. ಅದಕ್ಕೇ ಸುಡಬೇಡಿ ಅನ್ನೋದು ನಾನು.

ಇನ್ನು ಮಾವ. 1975ರಲ್ಲಿ ಮೀಸಾ ತಿದ್ದಿದ ಮೇಲೆ, ಯಾಕೆ ಹಿಡಿದೆವು ಅಂತ ಬಂಧಿಯಾದವರಿಗೆ ಹೇಳಬೇಕಾಗಿಯೇ ಇರಲಿಲ್ಲ. 1977ರ ಮಾರ್ಚ್ 21ಕ್ಕೆ ತುರ್ತು ಪರಿಸ್ಥಿತಿ ಮುಗಿಯಿತು, ‘ಯಾರು ಹೇಳಿದ್ದು’ ಅನ್ನೋ ಪ್ರಶ್ನೆ ಮಾತ್ರ ಅಂಥವರ ಜೊತೆ ಮನೆಗೆ ಬಂತು. ನಿಮ್ಮ ಪತ್ರದ ಕೊನೆಯಲ್ಲಿ ಸುಮ್ನೆ ಬರೆದಿದ್ದೀರಲ್ಲ, ತಿಥಿ ಊಟ ಮುಗಿಸಿ ಹೊರಡುವಾಗ ಮಾವ ‘ಅಟ್ಟ ಗುಡಿಸಿದ್ಯೇನೋ?’ ಅಂತ ಕೇಳಿದರು, ದೀಪಾವಳಿಗೆ ಬಂದಾಗಲೂ ಅದನ್ನೇ ಕೇಳಿದರು ಅಂತ. 84ರ ಮುದುಕರಿಗೆ ಬೇರೆಯವರ ಮನೆ ಅಟ್ಟದ ಧೂಳು ಯಾಕೆ ಬೇಕು ಹೇಳಿ. ನನಗನಿಸೋದು, ಅವರಿಗೆ ಗೊತ್ತಿದೆ. ನನ್ನ ಊಹೆ ತಪ್ಪಿರಲೂಬಹುದು, ಅದಕ್ಕೇ ನೇರವಾಗಿ ಹೇಳಬೇಡಿ, ಕೇಳಿ.

ಒಬ್ಬರೇ ಹೋಗಿ, ಟ್ರಂಕು ಒಯ್ಯಬೇಡಿ. ‘ಮಾವ, ಅಪ್ಪನ ಹಳೇ ಕಾಗದ ಸಿಕ್ಕಿವೆ, ಎಪ್ಪತ್ತೈದರವು, ನೋಡ್ತೀರಾ?’ ಅಷ್ಟೇ. ನಿಮಗೆ ರಾತ್ರಿ ನಿದ್ದೆ ಬರಲಿ ಅಂತ ಅವರ ತಲೆ ಮೇಲೆ ಹೊರೆ ಇಳಿಸೋದು ಬೇಡ. ‘ಬೇಡ ಬಿಡೋ’ ಅಂದರೆ ಅವರ ಜೊತೆ ಕೂತು ಕವಳ ಹಾಕಿ, ಅಡಿಕೆ ಧಾರಣೆ ಮಾತಾಡಿ ಬನ್ನಿ. ‘ತಗೊಂಡು ಬಾ’ ಅಂದರೆ ಆರಿಸದೆ ಎಲ್ಲವನ್ನೂ ಕೊಡಿ, ಆ ಬುಧವಾರದ ಹಾಳೆ ಕೂಡ.