ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟ ಫೋನು

ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇಬ್ಬರೂ ಒಪ್ಪಿದ ಮೇಲೆಯೇ ಬರೆದಿದ್ದು.

ಸಕಲೇಶಪುರದ ಕಡೆಯ ಗಂಡ ಹೆಂಡತಿ. ಕಾಫಿ ಕುಯ್ಲು ಮುಗಿದ ವಾರ ಸಲಹೆ ಕೇಳಲು ಹಾಸನಕ್ಕೆ ನನ್ನ ಬಳಿ ಬಂದರು. ಹೆಂಡತಿ ಕೂತವರೇ ಬ್ಯಾಗಿನಿಂದ ಗಂಡನ ಫೋನು ತೆಗೆದು ಮೇಜಿನ ಮೇಲಿಟ್ಟರು. ಚಾರ್ಜರ್ ಚುಚ್ಚುವ ತೂತಿನಲ್ಲಿ ಒಂದು ನುಚ್ಚಕ್ಕಿ ಸಿಕ್ಕಿಕೊಂಡಿತ್ತು. ಗಂಡನ ಕೈಗೆ ಸಿಗದಿರಲಿ ಅಂತ ಎರಡು ದಿನದಿಂದ ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದರಂತೆ.

“ಮೇಡಂ, ಸರ್ಕಾರ ಈ ಅಶ್ಲೀಲ ಸೈಟುಗಳನ್ನೆಲ್ಲ ಪೂರ್ತಿ ಮುಚ್ಚಿಸಬಾರ್ದಾ? ರಾತ್ರಿ ಎರಡು ಗಂಟೆ ತನಕ ಆ ಕಡೆ ತಿರುಗಿ ಮಲಗಿ ನೋಡ್ತಾರೆ. ನನ್ನ ಜೊತೆ ಮಾತೇ ಇಲ್ಲ.”

ಗಂಡ ಓದಿಕೊಂಡವರು. “ಮನೆಯೊಳಗೆ ಏನು ನೋಡ್ತೀನಿ ಅನ್ನೋದು ನನ್ನ ಹಕ್ಕು. ಸುಪ್ರೀಂ ಕೋರ್ಟೇ ಹೇಳಿದೆ” ಅಂದರು.

ಅದು ಪೂರ್ತಿ ಸುಳ್ಳಲ್ಲ. 2015ರ ಜುಲೈನಲ್ಲಿ ಇಂಥ ಸೈಟು ಮುಚ್ಚಿಸಿ ಎಂಬ ಅರ್ಜಿ ಬಂದಾಗ, ಆಗಿನ ಮುಖ್ಯ ನ್ಯಾಯಮೂರ್ತಿ ಎಚ್.ಎಲ್. ದತ್ತು, ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲಿ ಬೆಳೆದವರು, ದೊಡ್ಡವರು ತಮ್ಮ ಕೋಣೆಯ ನಾಲ್ಕು ಗೋಡೆಯೊಳಗೆ ನೋಡುವುದನ್ನು ತಡೆಯುವುದು ಹೇಗೆ ಎಂದು ಕೇಳಿದ್ದರು. ಅದು ತೀರ್ಪಲ್ಲ, ವಿಚಾರಣೆ ಹೊತ್ತಿನ ಮಾತು. ಆದರೂ ನನಗೆ ಒಪ್ಪುವ ಮಾತೇ. ಅದೇ ತಿಂಗಳ ಕೊನೆಗೆ ಸರ್ಕಾರ 857 ಸೈಟು ಮುಚ್ಚಿಸಲು ಹೊರಟು, ಕೆಲವೇ ದಿನದಲ್ಲಿ ಸಡಿಲಿಸಿತು. 2018ರಲ್ಲಿ 827 ಸೈಟುಗಳಿಗೆ ತಡೆ ಬಿತ್ತು. ಅಷ್ಟಾದರೂ ಈ ಫೋನಿಗೆ ಬರೋದು ನಿಂತಿಲ್ಲವಲ್ಲ.

ಗಂಡನಿಗೂ ಒಂದು ಮಾತು ಗಟ್ಟಿಯಾಗಿ ಹೇಳಿದೆ. “ಹಕ್ಕು ಅನ್ನೋದನ್ನ ಪೊಲೀಸರು ಬಾಗಿಲು ತಟ್ಟಿದಾಗ ಹೇಳಿ. ಹೆಂಡತಿ ‘ಯಾಕೆ ಮಾತಾಡಲ್ಲ’ ಅಂತ ಕೇಳಿದ್ರೆ ಅದು ಉತ್ತರ ಅಲ್ಲ.”

ಆಮೇಲೆ ಹೆಂಡತಿ ಹೇಳಿದ್ದು ನನ್ನನ್ನು ಜಾಸ್ತಿ ಕಲಕಿತು. ಗೆಳೆಯರ ವಾಟ್ಸಾಪ್ ಗ್ರೂಪಿಂದ ಬಂದ ಒಂದು ಕ್ಲಿಪ್ ಇತ್ತು. ಕ್ಯಾಮೆರಾ ಇದೆ ಅನ್ನೋದೇ ಆ ಹೆಂಗಸಿಗೆ ಗೊತ್ತಿಲ್ಲ. “ಹಿಂದೆ ಗೋಡೇಲಿ ಸೊಸೈಟಿ ಕ್ಯಾಲೆಂಡರ್ ಇತ್ತು ಮೇಡಂ. ನಮ್ಮನೇಲೂ ಅದೇ ನೇತಾಕಿದೀನಿ.”

ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಾ? 2024ರ ಏಪ್ರಿಲ್‌ನಲ್ಲಿ ಹೆಂಗಸರ ಖಾಸಗಿ ವಿಡಿಯೊ ತುಂಬಿದ ಪೆನ್‌ಡ್ರೈವ್‌ಗಳು ಊರೆಲ್ಲ ಹರಿದಾಡಿದವು. ಅವರ ಮುಖ ಕೂಡ ಮರೆಮಾಡಿರಲಿಲ್ಲ. ಆ ವಿಡಿಯೊ ಹಂಚುವುದೇ ಅಪರಾಧ ಅಂತ ವಿಶೇಷ ತನಿಖಾ ತಂಡ (ಎಸ್‌ಐಟಿ) ಎಚ್ಚರಿಸಬೇಕಾಯಿತು. ಇಂಥದ್ದಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯ ಅಂದರೆ ನನಗೆ ಸಂಕಟವಾಗುತ್ತದೆ. ಆ ಹೆಂಗಸರು ಯಾರಿಗೂ ಏನನ್ನೂ ತೋರಿಸಲು ಹೊರಟಿರಲಿಲ್ಲ. ಸಂವಿಧಾನದ 19(2) ಸಭ್ಯತೆ, ನೈತಿಕತೆಗಾಗಿ ಮಾತಿನ ಹಕ್ಕಿಗೆ ಮಿತಿ ಹಾಕಲು ಬಿಡುತ್ತದೆ. ಆ ಗೆರೆಯನ್ನು ಒಪ್ಪಿಗೆ ಇದೆಯೋ ಇಲ್ಲವೋ ಅನ್ನುವ ಕಡೆ ಎಳೆಯಬೇಕು ಅಂತ ನಾನು ನಂಬಿದ್ದೇನೆ. ಒಪ್ಪಿಗೆ ಇಲ್ಲದ್ದು, ಮಕ್ಕಳನ್ನು ಬಳಸಿದ್ದು, ಇವಕ್ಕೆ ರಿಯಾಯಿತಿಯೇ ಬೇಡ. ಮಕ್ಕಳದ್ದನ್ನು ಫೋನಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧ ಅಂತ 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಗಂಡನಿಗೆ ಹೇಳಿದ್ದು ಇಷ್ಟು. ಯಾವ ಗ್ರೂಪು, ಯಾವ ನಂಬರು ಬರೆದಿಟ್ಟುಕೊಳ್ಳಿ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ‘ನೋಡಿ ಹೀಗಿದೆ’ ಅಂತ ತೋರಿಸೋಕೂ ಯಾರಿಗೂ ಫಾರ್ವರ್ಡ್ ಬೇಡ. ಐಟಿ ಕಾಯ್ದೆಯ 67ಎ ಪ್ರಕಾರ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು. ಗ್ರೂಪಿಂದ ಹೊರಗೆ ಬನ್ನಿ. ರಾತ್ರಿ ಫೋನು ಮಲಗುವ ಕೋಣೆಗೆ ಬರಬಾರದು.

ಒಬ್ಬರೇ ಕೂತಾಗ ಅವರು ತೋಟದ ಸಾಲದ ವಿಷಯ ಬಾಯಿಬಿಟ್ಟರು. ನಿದ್ದೆ ಬರದ ರಾತ್ರಿಗಳಲ್ಲಿ ಶುರುವಾದದ್ದು ಇದು. ಬಿಡೋಕಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಇಂಟರ್ನೆಟ್ ಗೀಳಿಗೆಂದೇ ಶಟ್ ಕ್ಲಿನಿಕ್ ಇದೆ ಅಂದೆ.

ಹೆಂಡತಿ ‘ನನ್ನಲ್ಲೇ ಏನೋ ಕೊರತೆ’ ಅಂದುಕೊಂಡಿದ್ದರು. ಆ ಮಾತನ್ನು ಬಿಡಿಸೋದಕ್ಕೇ ಒಂದು ಗಂಟೆ ಬೇಕಾಯಿತು. ಫೋನು ಬಚ್ಚಿಡೋದು ಬೇಡ, ಕದ್ದು ನೋಡೋದೂ ಬೇಡ, ಬೇಜಾರಾದದ್ದನ್ನು ನೇರವಾಗಿ ಹೇಳಿ ಅಂದೆ.

ಮೂರನೇ ಸಲ ಬರುವಷ್ಟರಲ್ಲಿ ದೂರು ಕೊಟ್ಟಾಗಿತ್ತು. ಫೋನು ರಾತ್ರಿ ಹಜಾರದಲ್ಲಿ ಚಾರ್ಜ್‌ಗೆ ಇರುತ್ತದೆ. ಇಬ್ಬರ ನಡುವೆ ಈಗ ಸಾಲದ ಮಾತೇ ಜಾಸ್ತಿಯಂತೆ. “ಎಲ್ಲ ಮುಚ್ಚಿಸಿ ಅಂತ ಈಗ ಹೇಳಲ್ಲ ಮೇಡಂ” ಅಂದರು ಆಕೆ. “ಆದ್ರೆ ಆ ಕ್ಯಾಲೆಂಡರ್ ಮನೆಗೆ ಕ್ಯಾಮೆರಾ ಇಟ್ಟೋನು ಸಿಗಬೇಕು.”