ಲ್ಯಾಪ್‌ಟಾಪಿನಲ್ಲಿ ಓಡಿದ ಸ್ಕ್ರಿಪ್ಟ್ ಸರ್ವರಿನಲ್ಲಿ ಮುಗ್ಗರಿಸುವುದೇಕೆ?

ಪ್ರಶ್ನೆ: ಜಿಲ್ಲಾವಾರು ಮಳೆ ಲೆಕ್ಕ ಕೂಡಿಸಲು ಪೈಥಾನ್‌ನಲ್ಲಿ ಪುಟ್ಟ ಸ್ಕ್ರಿಪ್ಟ್ ಬರೆದಿದ್ದೇನೆ. ಫೈಲ್‌ಗಳ ಹೆಸರೆಲ್ಲ ಕನ್ನಡದಲ್ಲೇ ಇವೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ "ಮಳೆ\ಕೋಲಾರ.ಸಿಎಸ್‌ವಿ" ಎಂದು ಕೊಟ್ಟರೆ ಓದುತ್ತಿತ್ತು. ವರ್ಷಕ್ಕೊಂದು ಫೋಲ್ಡರ್ ಮಾಡಿ "ಮಳೆ\2023\ಕೋಲಾರ.ಸಿಎಸ್‌ವಿ" ಎಂದು ಬದಲಿಸಿದೆ, ಫೈಲೇ ಇಲ್ಲ ಎನ್ನುತ್ತಿದೆ. ಆಫೀಸಿನ ಲಿನಕ್ಸ್ ಸರ್ವರಿನಲ್ಲಿ ಓದುವ ಸಾಲಿಗೆ ಮಾತ್ರ / ಹಾಕಿ ನೋಡಿದೆ, ಓದಿತು. ಆದರೆ ವರದಿ ಫೋಲ್ಡರ್ ಖಾಲಿ, ಅದರ ಪಕ್ಕದಲ್ಲಿ "ವರದಿ\ಕೋಲಾರ.ಟಿಎಕ್ಸ್‌ಟಿ" ಎಂಬ ವಿಚಿತ್ರ ಹೆಸರಿನ ಫೈಲ್ ಕೂತಿದೆ. ಸಾಲದ್ದಕ್ಕೆ, ಗೆಳೆಯರ ಹಳೇ ಮ್ಯಾಕ್‌ನಿಂದ ತಂದ ಕೋಲಾರದ ಫೈಲ್ ಕಣ್ಣೆದುರೇ ಇದ್ದರೂ ಸ್ಕ್ರಿಪ್ಟ್‌ಗೆ ಸಿಗುತ್ತಿಲ್ಲ. ಏನಿದು ಸಾರ್?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಒಂದು ಪ್ರಶ್ನೆ ಕೇಳಿದ್ದೀರಿ, ಅದರೊಳಗೆ ಮೂರು ಬೇರೆ ಬೇರೆ ಕಾಯಿಲೆಗಳಿವೆ.

ಮೊದಲು 2023ರದ್ದು. ಇದರಲ್ಲಿ ವಿಂಡೋಸ್‌ನ ತಪ್ಪೇನಿಲ್ಲ. ಉದ್ಧರಣ ಚಿಹ್ನೆಯೊಳಗೆ ಬ್ಯಾಕ್‌ಸ್ಲ್ಯಾಶ್ (\) ಕಂಡರೆ, ಮುಂದಿನ ಅಕ್ಷರಕ್ಕೆ ವಿಶೇಷ ಅರ್ಥವಿದೆಯೇ ಎಂದು ಪೈಥಾನ್ ನೋಡುತ್ತದೆ. 0ಯಿಂದ 7ರವರೆಗಿನ ಅಂಕಿಗಳಿದ್ದರೆ ಗರಿಷ್ಠ ಮೂರನ್ನು ಒಟ್ಟಿಗೆ ಎತ್ತಿಕೊಂಡು ಎಂಟರ ಎಣಿಕೆಯ ಸಂಕೇತವೆಂದು ಓದುತ್ತದೆ. ಹಾಗಾಗಿ \202 ಎಂಬುದು ಕಣ್ಣಿಗೆ ಕಾಣದ ಒಂದೇ ಅಕ್ಷರವಾಯಿತು, ಕೊನೆಯ 3 ಅನಾಥವಾಗಿ ಉಳಿಯಿತು. ಅಂಥ ಫೋಲ್ಡರ್ ನಿಮ್ಮಲ್ಲಿ ಎಲ್ಲಿಂದ ಬರಬೇಕು? \ಕ ಎಂಬುದಕ್ಕೆ ಪೈಥಾನ್‌ನಲ್ಲಿ ಅರ್ಥವಿಲ್ಲ, ಅದಕ್ಕೇ ಅದನ್ನು ಮುಟ್ಟದೆ ಬಿಟ್ಟಿತ್ತು. ಇಂಗ್ಲಿಷಿನ ಎನ್ ಅಥವಾ ಟಿ ಅಕ್ಷರದಿಂದ ಶುರುವಾಗುವ ಹೆಸರಿದ್ದಿದ್ದರೆ ಹೊಸ ಸಾಲೋ ಟ್ಯಾಬೋ ಆಗಿ ಎಂದೋ ಮುಗ್ಗರಿಸುತ್ತಿದ್ದಿರಿ. ಕನ್ನಡದ ಹೆಸರು ಇಷ್ಟು ದಿನ ನಿಮ್ಮನ್ನು ಕಾಪಾಡಿತ್ತು. ಅದೂ ಅರೆಬರೆ. ಪೈಥಾನ್ 3.12ರಿಂದ \ಕ ಬರೆದರೂ ಎಚ್ಚರಿಕೆ ಬರುತ್ತದೆ.

ಎರಡನೆಯದು ವರದಿಯದ್ದು. ಲಿನಕ್ಸ್‌ಗೆ ಫೋಲ್ಡರುಗಳನ್ನು ಬೇರ್ಪಡಿಸುವ ಗೆರೆ / ಒಂದೇ. \ ಅದರ ಪಾಲಿಗೆ ಹೆಸರಿನಲ್ಲಿ ಬರಬಹುದಾದ ಮಾಮೂಲಿ ಅಕ್ಷರ. ನೀವು ಹೇಳಿದ್ದನ್ನು ಅದು ಅಕ್ಷರಶಃ ಮಾಡಿದೆ, ಅಷ್ಟೇ.

ಈ ಎರಡು ಗೆರೆಗಳ ಜಗಳ ಹಳೆಯದು. 1981ರಲ್ಲಿ ವಿಂಡೋಸ್‌ಗಿಂತ ಹಿಂದಿನ ಡಾಸ್ ಬಂದಾಗ ಅದರಲ್ಲಿ ಫೋಲ್ಡರುಗಳೇ ಇರಲಿಲ್ಲ, / ಚಿಹ್ನೆಯನ್ನು ಆಜ್ಞೆಗಳ ಆಯ್ಕೆಗಳಿಗೆ ಬಳಸುತ್ತಿದ್ದರು. 1983ರ ಎರಡನೇ ಆವೃತ್ತಿಯಲ್ಲಿ ಫೋಲ್ಡರ್ ಬಂದಾಗ ಆ ಜಾಗ ಭರ್ತಿಯಾಗಿತ್ತು, \ ಹಿಡಿದರು. ಆದರೂ ಪೈಥಾನ್‌ನಿಂದ / ಕೊಟ್ಟರೆ ವಿಂಡೋಸ್ ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. ಹತ್ತು ಸಾಲಿನ ಸ್ಕ್ರಿಪ್ಟ್ ಆಗಿದ್ದರೆ ಎಲ್ಲೆಡೆ / ಬರೆದು ನೆಮ್ಮದಿಯಾಗಿರಿ ಎಂದೇ ಹೇಳುತ್ತಿದ್ದೆ.

ನಿಮ್ಮದು ಬೆಳೆಯುತ್ತಿದೆ, ಆದ್ದರಿಂದ ಫೈಲಿನ ದಾರಿ ಕಟ್ಟಿಕೊಡುವ ಪಾಥ್‌ಲಿಬ್ ಮಾಡ್ಯೂಲ್ ಬಳಸಿ. 2014ರ 3.4ನೇ ಆವೃತ್ತಿಯಿಂದ ಪೈಥಾನ್ ಜೊತೆಯಲ್ಲೇ ಬರುತ್ತದೆ. ಬರೆಯುವ ಬಗೆ ಹೀಗೆ:

ಪಾಥ್("ಮಳೆ") / "2023" / "ಕೋಲಾರ.ಸಿಎಸ್‌ವಿ"

ಇಲ್ಲಿನ / ಭಾಗಾಕಾರದ ಚಿಹ್ನೆ. ಪಾಥ್‌ಗಳ ನಡುವೆ ಬಂದಾಗ ಜೋಡಿಸುವ ಕೆಲಸ ಮಾಡುತ್ತದೆ. ಯಾವ ಗೆರೆ ಹಾಕಬೇಕೆಂಬುದು ಯಂತ್ರಕ್ಕೆ ಬಿಟ್ಟದ್ದು. ಒಂದೇ ಎಚ್ಚರಿಕೆ: ಎರಡನೇ ತುಂಡಿನ ಮೊದಲಿಗೇ / ಇಟ್ಟು "/2023" ಎಂದರೆ ಹಿಂದಿನ "ಮಳೆ" ಸದ್ದಿಲ್ಲದೆ ಮಾಯವಾಗುತ್ತದೆ. ಫೋಲ್ಡರಿನ ಬುಡವನ್ನು ಸ್ಕ್ರಿಪ್ಟ್ ಇರುವ ಜಾಗದಿಂದ ಲೆಕ್ಕ ಹಾಕಿಸಿ. ಇಲ್ಲದಿದ್ದರೆ ಸರ್ವರಿನಲ್ಲಿ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಬೇರೆ ಫೋಲ್ಡರಿನಲ್ಲಿ ನಿಂತು ಓಡಿಸಿದ ದಿನ ಇದೇ ಪ್ರಶ್ನೆ ಮತ್ತೆ ಬರೆಯುತ್ತೀರಿ.

ಮೂರನೆಯದು ನನಗೆ ಇಷ್ಟವಾದ ಕಾಯಿಲೆ, ನಮ್ಮ ಲಿಪಿಗೇ ಅಂಟಿದ್ದು. "ಕೋಲಾರ"ವನ್ನು ಯೂನಿಕೋಡ್‌ನಲ್ಲಿ, ಅಂದರೆ ಅಕ್ಷರಗಳಿಗೆ ಸಂಕೇತ ಕೊಡುವ ವ್ಯವಸ್ಥೆಯಲ್ಲಿ, ಎರಡು ಬಗೆಯಲ್ಲಿ ಬರೆಯಬಹುದು. ನೀವು ಕೀಲಿಮಣೆಯಲ್ಲಿ ಒತ್ತುವಾಗ ೋ ಎಂಬುದು ಒಂದೇ ಸಂಕೇತ. ಬಿಡಿಸಿ ಬರೆದರೆ ಅದೇ ೆ, ೂ, ೕ ಎಂಬ ಮೂರು ಸಂಕೇತಗಳಾಗುತ್ತದೆ. ತೆರೆಯ ಮೇಲೆ ಎರಡೂ ಕೋಲಾರವೇ, ಆದರೆ ಪೈಥಾನ್‌ನಲ್ಲಿ ಉದ್ದ ಎಣಿಸಿದರೆ ಒಂದು 5, ಇನ್ನೊಂದು 7. ಹಳೇ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್ ಬೈಟ್ ಬೈಟ್ ಹೋಲಿಸುತ್ತದೆ, ಆದ್ದರಿಂದ ಅದಕ್ಕೆ ಇವು ಎರಡು ಊರು. ಬೀದರ್‌ಗೂ ಇದೇ ಗತಿ, ೀ ಒಡೆದು ಎರಡಾಗುತ್ತದೆ. ಹಾಸನಕ್ಕೆ ಏನೂ ಆಗದು.

ಪರಿಹಾರವಾಗಿ ಹೊರಗಿನಿಂದ ಬಂದ ಫೋಲ್ಡರಿನ ಹೆಸರುಗಳನ್ನೆಲ್ಲ ಒಮ್ಮೆ ಪಟ್ಟಿ ಮಾಡಿಸಿ, ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ಕೂಡಿಸಿದ ರೂಪ) ಎಂದು ಹೇಳಿ ಕೂಡಿಸಿ, ಆ ಹೆಸರನ್ನೇ ಮರಳಿ ಇಡಿ. ಸ್ಕ್ರಿಪ್ಟ್ ಉದ್ದಕ್ಕೂ ತೇಪೆ ಹಾಕುವುದಕ್ಕಿಂತ ಬಾಗಿಲಲ್ಲೇ ಸರಿಪಡಿಸುವುದು ವಾಸಿ.

ನೀವು ಕೇಳದ ಒಂದು ಮಾತು. ಲಿನಕ್ಸ್‌ನ ಎಕ್ಸ್ಟ್4 ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಅಂದರೆ ಗುಣಿತದ ಚಿಹ್ನೆ, ಒತ್ತು ಎಲ್ಲ ಸೇರಿ 85ಕ್ಕೆ ಮುಗಿಯಿತು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಅಂಥ 255 ಸಂಕೇತಗಳವರೆಗೂ ಒಪ್ಪುವುದರಿಂದ ಮನೆಯಲ್ಲಿ ಇದು ಗೊತ್ತಾಗುವುದೇ ಇಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ತಿಂಗಳು ಎಲ್ಲವನ್ನೂ ಫೈಲ್ ಹೆಸರಲ್ಲೇ ತುಂಬುವ ಯೋಚನೆಯಿದ್ದರೆ ತಾಲ್ಲೂಕನ್ನೂ ಹೋಬಳಿಯನ್ನೂ ಈಗಲೇ ಫೋಲ್ಡರ್ ಮಾಡಿಬಿಡಿ.